ಸಂಡಿಗೆ ಮೇಜಿನ ಕೆಳಗೆ

ಸುಬಾಂಗ್ ಜಯಾದ ನಮ್ಮ ಬೀದಿಯಲ್ಲಿ ಇಬ್ಬರು ಡೆಂಗಿಯಿಂದ ಆಸ್ಪತ್ರೆ ಸೇರಿದ ಮೇಲೆ, ನಗರಸಭೆಯವರು ಬೀದಿಗೊಬ್ಬರು ಸೊಳ್ಳೆ ಕಾವಲುಗಾರರು ಬೇಕೆಂದರು. ನಾನು ಕೈ ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಹೀಗೆ ಅವಿರೋಧವಾಗಿ ಆಯ್ಕೆಯಾದೆ!

ಅಂದೇ ಟಾರ್ಚ್ ಹಿಡಿದು ಮನೆಮನೆ ಹೊಕ್ಕೆ. ಪಕ್ಕದ ಮನೆಯ ಲೆಚ್ಚುಮಿ ಅಕ್ಕ ಈ ದೇಶದಲ್ಲೇ ಹುಟ್ಟಿ ಬೆಳೆದ ತಮಿಳರು, ಮಾತಿನ ಕೊನೆಗೆ ಇಲ್ಲಿಯವರಂತೆ ‘ಲಾ’ ಹಚ್ಚುವವರು. ಅವರ ಹೂಕುಂಡದ ತಟ್ಟೆಯಲ್ಲಿ ಗುಟುಕು ನೀರಿತ್ತು. ಬೀದಿಯ ಆರೋಗ್ಯದ ಬಗ್ಗೆ ಎಲ್ಲರೆದುರೇ ಭಾಷಣ ಬಿಗಿದೆ. ಅಕ್ಕ ಆ ನೀರನ್ನು ನನ್ನ ಕಾಲ ಬುಡಕ್ಕೇ ಚೆಲ್ಲಿದರು.

"ಮೊದ್ಲು ನಮ್ಮ ಹಿತ್ತಲು ನೋಡ್ಕೊಳ್ಳೇ ಸುಧಾ," ಎಂದರು ನಮ್ಮವರು.

"ನಮ್ಮ ಹಿತ್ತಲಲ್ಲಿ ಏನಿದೆ? ಸಂಡಿಗೆ ಇದೆ," ಎಂದೆ.

ಸೊಳ್ಳೆ ಔಷಧಿಯ ಹೊಗೆ ಹಾಕುವ ದಿನ ಬಂತು. ತಿನ್ನುವ ಪದಾರ್ಥವೆಲ್ಲ ಮುಚ್ಚಿಡಿ ಎಂದು ಬೆಳಿಗ್ಗೆ ಬೀದಿಗೆಲ್ಲ ಸಾರಿ ಬಂದಿದ್ದೆ. ತಪಾಸಣೆ ನಮ್ಮ ಮನೆಯಿಂದಲೇ ಶುರುವಾಗಲಿ, ಶುಚಿ ಎಂದರೇನೆಂದು ಎಲ್ಲರೂ ನೋಡಲಿ ಎಂದೆ. ನಗರಸಭೆಯ ಮಹನೀಯರ ಹಿಂದೆ ಲೆಚ್ಚುಮಿ ಅಕ್ಕನೂ ಬಂದರು, ತಮ್ಮದೇ ಟಾರ್ಚ್ ಸಮೇತ.

ಹಿತ್ತಲ ಮೇಜಿನ ಮೇಲೆ ಅರಳು ಸಂಡಿಗೆ ಒಣಗುತ್ತಿತ್ತು. ಇರುವೆ ಹತ್ತಬಾರದೆಂದು ಮೇಜಿನ ಒಂದೊಂದು ಕಾಲಿಗೂ ಹೋಟೆಲಿನಿಂದ ಊಟ ತಪಾವ್ ಕಟ್ಟಿಸಿ ತಂದ ಪ್ಲಾಸ್ಟಿಕ್ ಡಬ್ಬಿ ಇಟ್ಟು ನೀರು ತುಂಬಿದ್ದೆ. ನಮ್ಮಮ್ಮ ಹಾಗೇ ಮಾಡುತ್ತಿದ್ದರು. ನೀರು ಕಡಿಮೆಯಾದಾಗಲೆಲ್ಲ ಶ್ರದ್ಧೆಯಿಂದ ಮೇಲೆ ಸುರಿಯುತ್ತಿದ್ದೆ. ಹಳೆಯದನ್ನು ಚೆಲ್ಲುತ್ತಿರಲಿಲ್ಲ.

ಅಕ್ಕ ಬಗ್ಗಿ ಟಾರ್ಚ್ ಬಿಟ್ಟರು. ಡಬ್ಬಿಯಲ್ಲಿ ಮರಿಗಳು ಗುಂಪುಗುಂಪಾಗಿ ಈಜುತ್ತಿದ್ದವು.

"ಸುಧಾ, ಇದು ಸಂಡಿಗೆಗೆ ಸೈಡ್ ಡಿಶ್ಶಾ ಲಾ?"

ಸೋಲೊಪ್ಪಲು ನಾನೇನು ಸಾಮಾನ್ಯಳೇ? ಆ ನೀರು ಇರುವೆಗೆಂದು ಇಟ್ಟದ್ದು, ಸೊಳ್ಳೆಗಲ್ಲ. ಕರೆಯದೆ ಬಂದವರಿಗೆ ನಾನು ಜವಾಬ್ದಾರಳಲ್ಲ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ವಾದಿಸಿದೆ. ಮಹನೀಯರು ಡಬ್ಬಿಗಳನ್ನು ಎಣಿಸಿ ಬರೆದುಕೊಂಡರು. ವಾದ ಕಾವೇರುತ್ತಿದ್ದಾಗ ಹೊರಗೆ ಯಂತ್ರ ಗುರ್ ಎಂದಿತು. ದಟ್ಟ ಬಿಳಿ ಹೊಗೆ ಗೇಟು ದಾಟಿ ಹಿತ್ತಲಿಗೆ ನುಗ್ಗಿತು. ಸಂಡಿಗೆ ಮುಚ್ಚಿರಲಿಲ್ಲ!

ಇಡೀ ಸಂಡಿಗೆ ಕಸದ ಬುಟ್ಟಿ ಸೇರಿತು. ನನ್ನ ಪದವಿ ಲೆಚ್ಚುಮಿ ಅಕ್ಕನ ಪಾಲಾಯಿತು.

ಆದರೂ ನಾನು ತಲೆ ತಗ್ಗಿಸಿಲ್ಲ. ಈಗ ಪ್ರತಿ ಭಾನುವಾರ ಅಕ್ಕ ಮೊದಲು ನಮ್ಮ ಹಿತ್ತಲಿಗೇ ಬರುತ್ತಾರೆ. ನಾನೇ ಗೇಟು ತೆರೆದು, ಎದೆಯೆತ್ತಿ ಮುಂದೆ ನಡೆಯುತ್ತೇನೆ. ಮತ್ತೆ ಸಂಡಿಗೆ ಹಾಕಿದ್ದೇನೆ. ಮೇಜಿನ ಕಾಲಡಿ ಹನಿ ನೀರಿಲ್ಲ, ಹುಡುಕಿದರೂ ಒಂದು ಸೊಳ್ಳೆಮರಿ ಸಿಗದು.

ಅರ್ಧ ಸಂಡಿಗೆಯನ್ನು ಇರುವೆಗಳು ಹೊತ್ತುಕೊಂಡು ಹೋಗಿವೆ.