ನಮ್ಮ ಪ್ರಯೋಗಾಲಯದ ರಾಷ್ಟ್ರಾಧ್ಯಕ್ಷರು

ಆಫ್ರಿಕಾದ ಒಂದು ದೇಶದ ಮುಂದಿನ ರಾಷ್ಟ್ರಾಧ್ಯಕ್ಷರು ನನ್ನ ಪಕ್ಕದ ಮೇಜಿನಲ್ಲಿ ಕುಳಿತು ನನ್ನದೇ ಡಬ್ಬಿಯ ಮೊಸರನ್ನ ಖಾಲಿ ಮಾಡುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಅವಸರವೇನಿಲ್ಲ. ಅವರ ದೇಶದವರೇ ಇನ್ನೂ ನಂಬಿಲ್ಲ!

ಹಿರೋಷಿಮಾದ ವಿಶ್ವವಿದ್ಯಾಲಯದಲ್ಲಿ ನಾವಿಬ್ಬರೂ ಬ್ಯಾಟರಿಗೆ ಬೇಕಾಗುವ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆವು. ನಾನು ಹೊಟ್ಟೆಪಾಡಿಗೆ, ಅವನು ದೇಶೋದ್ಧಾರಕ್ಕೆ. (ಬಹುವಚನ ಇಲ್ಲಿಗೆ ಸಾಕು, ಗೆದ್ದ ಮೇಲೆ ಮತ್ತೆ ಕೊಟ್ಟರಾಯಿತು.) ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅಲ್ಲಲ್ಲಿ ಹರಕುಮುರುಕು ಜಪಾನಿ. ಅದನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಇಲ್ಲಿನ ಕನ್ನಡದ ಹುಡುಗರು ನನ್ನನ್ನು ಕರೆಯುವುದನ್ನು ಕೇಳಿ ಕಲಿತ "ಅಕ್ಕ" ಒಂದು ಮಾತ್ರ ಅವನದೇ ಕನ್ನಡ.

"ಅಕ್ಕ, ನಿಮ್ಮ ಮೊಬೈಲಿನೊಳಗೆ ನಮ್ಮೂರಿನ ಮಣ್ಣಿದೆ" ಎಂದು ಮೊದಲ ದಿನವೇ ಹೇಳಿದ್ದ. "ಆದರೆ ಆ ಮೊಬೈಲನ್ನ ಚಾರ್ಜ್ ಮಾಡೋಕೆ ನಮ್ಮಮ್ಮನ ಮನೇಲಿ ಕರೆಂಟಿಲ್ಲ."

ನೆಲದ ಕೆಳಗೆ ತಾಮ್ರ, ಕೋಬಾಲ್ಟ್, ಚಿನ್ನ. ನೆಲದ ಮೇಲೆ ಕುಡಿಯಲು ಕೆಂಪು ನೀರು. ಅದನ್ನು ಸರಿಮಾಡಲು ಅವನು ಚುನಾವಣೆಗೆ ನಿಲ್ಲುತ್ತಾನಂತೆ, ಅದೂ ಪಕ್ಷೇತರನಾಗಿ. ಯಾವುದಾದರೂ ಪಕ್ಷ ಸೇರಬಾರದೇನೋ ಎಂದರೆ, "ಯಾವುದಕ್ಕೆ ಅಕ್ಕ? ಎಲ್ಲ ಪಕ್ಷದವರೂ ಗಣಿಯವರ ಮನೇಲಿ ಊಟ ಮಾಡಿಕೊಂಡೇ ಭಾಷಣಕ್ಕೆ ಬರ್ತಾರೆ" ಎನ್ನುತ್ತಿದ್ದ. ಅದಿರು ಮಣ್ಣಾಗಿ ಹಡಗು ಹತ್ತಬಾರದು, ಅಲ್ಲೇ ಲೋಹವಾಗಬೇಕು. ಗಣಿಯ ಒಪ್ಪಂದ ಯಾವುದೇ ಇರಲಿ, ಹಳ್ಳಿಯ ಭಾಷೆಯಲ್ಲಿ ರೇಡಿಯೋದಲ್ಲಿ ಓದಬೇಕು. ಗಣಿ ಇರುವ ಊರಿಗೆ ನೀರು, ದೀಪ ಮೊದಲು ಬರಬೇಕು. ಕುಲುಮೆಯ ಉಷ್ಣಾಂಶ ಏರುವುದನ್ನು ಕಾಯುತ್ತ ಇಬ್ಬರೂ ಕುಳಿತಿರುವಾಗ ಇದನ್ನೆಲ್ಲ ಹೇಳುತ್ತಿದ್ದ. ಕುಲುಮೆಗಿಂತ ಇವನೇ ಬೇಗ ಕಾಯುತ್ತಿದ್ದ!

ಮಿಕ್ಕವರು ಜಪಾನಿಗೆ ಬಂದು ಬುಲೆಟ್ ರೈಲು ನೋಡಿ ಬೆರಗಾಗುತ್ತಾರೆ. ಇವನು ಬೆರಗಾದದ್ದು ಕಸಕ್ಕೆ. ಇವನ ಬೀದಿಯಲ್ಲಿ ಯಾರೋ ಮುಚ್ಚಳ ತೆಗೆಯದ ಬಾಟಲಿಗಳನ್ನು ಚೀಲಕ್ಕೆ ತುಂಬಿ ಇಟ್ಟಿದ್ದರಂತೆ. ಕಸದ ಗಾಡಿಯವರು ಅದನ್ನು ಮುಟ್ಟದೆ, "ಸರಿಯಾಗಿ ವಿಂಗಡಿಸಿಲ್ಲ, ಆದ್ದರಿಂದ ಒಯ್ಯಲಾಗುವುದಿಲ್ಲ" ಎಂಬ ಚೀಟಿ ಅಂಟಿಸಿ ಹೋಗಿದ್ದರು. ಇವನು ಅದರ ಫೋಟೊ ಹಿಡಿದುಕೊಂಡು ಓಡಿ ಬಂದ.

"ನೋಡಿ ಅಕ್ಕ, ಬೇಡ ಅನ್ನೋಕೂ ಕಾರಣ ಕೊಡೋ ಸರ್ಕಾರ!"

"ಅದಕ್ಕೇನೀಗ?"

"ನಾನು ಗೆದ್ದರೆ ಮಂತ್ರಿಗಳಿಗೂ ಇದೇ ಚೀಟಿ ಅಂಟಿಸ್ತೀನಿ."

ಅಂಟಿಸಿದರೆ ಒಬ್ಬರೂ ಮನೆಯಿಂದ ಹೊರಬರಲಾರರಲ್ಲೋ, ಸಂಪುಟ ಯಾರ ಜೊತೆ ಮಾಡುತ್ತೀಯ ಎಂದೆ. ಅವನು ನನ್ನ ಡಬ್ಬಿಗೆ ಕೈ ಹಾಕಿದ.

ಆಮೇಲೆ ಹಿರೋಷಿಮಾದಲ್ಲಿ ಚುನಾವಣೆ ಬಂತು. ಇಲ್ಲಿನ ಅಭ್ಯರ್ಥಿಗಳು ಬೆಳಗ್ಗೆ ರೈಲು ನಿಲ್ದಾಣದ ಮುಂದೆ ಬಿಳಿ ಕೈಗವಸು, ಹೆಸರಿನ ಅಡ್ಡಪಟ್ಟಿ ತೊಟ್ಟು ನಿಂತು, ತಿರುಗಿಯೂ ನೋಡದೆ ಓಡುವ ಜನರಿಗೆಲ್ಲ ಸೊಂಟ ಬಗ್ಗಿಸಿ ವಂದಿಸುತ್ತಾರೆ. ಇವನು ರೈಲು ತಪ್ಪಿಸಿಕೊಂಡು ಬಾಯಿ ಬಿಟ್ಟು ನೋಡಿದ. "ಅಕ್ಕ, ನಮ್ಮಲ್ಲಿ ಬಗ್ಗೋದು ನಾವು. ಇಲ್ಲಿ ಅವರು!"

ಚುನಾವಣೆ ಮುಗಿಯುವುದನ್ನೇ ಕಾದಿದ್ದು, ನೂರು ಯೆನ್ ಅಂಗಡಿಯಿಂದ ಬಿಳಿ ಕೈಗವಸು ತಂದು ನಿಲ್ದಾಣದ ಮುಂದೆ ಅಭ್ಯಾಸಕ್ಕೆ ನಿಂತೇಬಿಟ್ಟ. ಅವನ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷೆ ಯಮಾಮೋಟೊ ಸಾನ್, ಎಂಬತ್ತು ದಾಟಿದ ಅಜ್ಜಿ, ಇವನನ್ನು ಕಂಡು ಹತ್ತಿರ ಬಂದರು.

"ಸುಮಿಮಾಸೆನ್, ಕ್ಷಮಿಸಿ, ನೀವು ನಮ್ಮ ವಾರ್ಡಿಗೆ ನಿಂತಿದ್ದೀರಾ?"

"ಇಲ್ಲ, ನಮ್ಮ ದೇಶದ ಅಧ್ಯಕ್ಷ ಪದವಿಗೆ."

ನಮ್ಮ ಕಡೆಯ ಅಜ್ಜಿಯಾಗಿದ್ದರೆ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು. ಈ ಅಜ್ಜಿ "ಹಾಗಾದರೆ ಇನ್ನೂ ಬಗ್ಗಬೇಕು" ಎಂದು ಅವನ ಬೆನ್ನು ಒತ್ತಿದರು! ಎದುರಿನವರು ದಾಟಿ ಹೋಗುವವರೆಗೆ ತಲೆ ಎತ್ತಬಾರದು ಎಂದೂ ಹೇಳಿ ಹೋದರು. ನಮ್ಮ ಅಭ್ಯರ್ಥಿ ಮಾತು ಮೀರುವವನಲ್ಲ. ಆಫೀಸಿಗೆ ಹೋಗುವ ಹೊತ್ತಿನಲ್ಲಿ ನಿಲ್ದಾಣದ ಎದುರು ಜನ ದಾಟಿ ಮುಗಿಯುವುದುಂಟೇ? ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು, ಇವನು ಬಗ್ಗಿಯೇ ಇದ್ದ. ಕೊನೆಗೆ ಬೆನ್ನು ಹಿಡಿದು, ಪ್ರಯೋಗಾಲಯಕ್ಕೆ ಬಂದಾಗಲೂ ಅದೇ ಭಂಗಿ. ನಮ್ಮ ಪ್ರೊಫೆಸರು ತಮಗೇ ಇಷ್ಟು ಗೌರವವೆಂದುಕೊಂಡು ಗಾಬರಿಯಿಂದ ತಾವೂ ಬಗ್ಗಿದರು!

ಅಂದು ಸಂಜೆ ಅವನನ್ನು ಮನೆಗೆ ಕರೆದುಕೊಂಡು ಹೋದೆ. ನನ್ನ ಯಜಮಾನರು ಊರಿನಿಂದ ತಂದ ಎಣ್ಣೆಯನ್ನು ಅವನ ಬೆನ್ನಿಗೆ ತಿಕ್ಕುತ್ತ, ಎರಡು ವಾರದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಹಾಕಿದರು. ಅವರು ಕೆಲಸ ಮಾಡುವ ಕಾರಿನ ಕಂಪನಿಯ ಬ್ಯಾಟರಿ ವಿಭಾಗ ಇವನಿಗೆ ಕೆಲಸ ಕೊಡಲು ಸಿದ್ಧವಾಗಿತ್ತು. ಒಳ್ಳೆಯ ಸಂಬಳ, ಮನೆ, ಬೇಕಾದರೆ ತಾಯಿಯನ್ನೂ ಕರೆತರಬಹುದು.

"ಅಲ್ಲಿ ಪಕ್ಷೇತರರ ಮನೆಗೆ ಕಲ್ಲು ಬೀಳುತ್ತಂತಲ್ಲಪ್ಪ, ಯಾಕೆ ಬೇಕು ರಿಸ್ಕು?" ಎಂದರು.

"ಬೀಳುತ್ತೆ" ಎಂದ ಅವನು, ಮುಖ ದಿಂಬಿನಲ್ಲಿ ಹುದುಗಿಸಿಕೊಂಡೇ.

"ಗೆಲ್ಲೋದು?"

"ಗೆಲ್ಲಲ್ಲ. ಈ ಸಲ ಗೆಲ್ಲಲ್ಲ."

"ಮತ್ತೆ ಯಾಕೆ ಹೋಗ್ತೀಯೋ ಮಾರಾಯ?" ಎಂದು ನಾನು ರೇಗಿಯೇಬಿಟ್ಟೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ನಮ್ಮೂರಿಗೆ ಇದುವರೆಗೆ ಒಬ್ಬ ಅಭ್ಯರ್ಥಿಯೂ ಬಂದಿಲ್ಲ ಅಕ್ಕ. ಲಾರಿ ಬರುತ್ತೆ, ಜನರನ್ನ ತುಂಬಿಕೊಂಡು ಹೋಗುತ್ತೆ, ಯಾವ ಚಿಹ್ನೆಗೆ ಅಂತ ದಾರಿಯಲ್ಲಿ ಹೇಳ್ತಾರೆ. ಮನೆ ಬಾಗಿಲಿಗೆ ಬಂದು ಯಾರಾದರೂ ಒಬ್ಬರು ಕೇಳಬೇಕಲ್ಲ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. ಯಜಮಾನರಾಗಲಿ ನಾನಾಗಲಿ ಮತ್ತೆ ಕೆಲಸದ ಮಾತೆತ್ತಲಿಲ್ಲ. ಇಷ್ಟು ದಿನ ನಾನು ನಗುತ್ತ ಮೊಸರನ್ನ ಕೊಡುತ್ತಿದ್ದವನು ಎಂಥ ಮನುಷ್ಯ ಎಂದು ಅಂದು ಗೊತ್ತಾಯಿತು. ಪದವಿ ಕೈಗೆ ಬಂದ ವಾರವೇ ಅವನು ವಿಮಾನ ಹತ್ತಿದ.

ಮೊನ್ನೆ ಮಧ್ಯಾಹ್ನ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುತ್ತಿದ್ದಾಗ ಅವನ ಫೋನು ಬಂತು. ಪ್ರಚಾರ ಶುರುವಾಯಿತಂತೆ. ಮೊದಲ ಮತ ಕೇಳಲು ತಾಯಿಯ ಮನೆಗೇ ಹೋದನಂತೆ. ಅವರು ಒಳಗೆ ಬಾ ಎನ್ನಲಿಲ್ಲ. ಅಂಗಳದಲ್ಲೇ ನಿಲ್ಲಿಸಿ, ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು, ಬಾವಿಯ ನೀರು ಯಾವಾಗ ತಿಳಿಯಾಗುತ್ತದೆ, ಗಣಿಯಲ್ಲಿ ಸತ್ತವರ ಮಕ್ಕಳಿಗೆ ಏನು ಮಾಡುತ್ತೀಯ ಎಂದು ಒಂದೊಂದಾಗಿ ಕೇಳಿದರಂತೆ. ಬಿಸಿಲಿನಲ್ಲಿ ನಿಂತು ಇವನು ಎಲ್ಲಕ್ಕೂ ಉತ್ತರ ಕೊಟ್ಟ.

"ಕೊನೆಗೆ ಅಮ್ಮ ಏನಂದರು?"

ಆ ಕಡೆ ಅವನು ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"'ಯೋಚನೆ ಮಾಡಿ ಹೇಳ್ತೀನಿ' ಅಂದಳು, ಅಕ್ಕ. ಹುಟ್ಟಿದಾಗಿನಿಂದ ಅವಳು ಯಾರಿಗೂ ಹಾಗೆ ಹೇಳಿರಲಿಲ್ಲ. ಯಾರೂ ಕೇಳಿರಲೇ ಇಲ್ಲ."