ಸಜ್ಜದ ಮೇಲೆ ಬಿಯರ್ ಬಳ್ಳಿ

ಭಾನುವಾರ ಬೆಳಗ್ಗೆ ಹತ್ತೂಕಾಲು. ಕೆಟ್ಟದ್ದು ನಡೆಯುವುದಕ್ಕೆ ಇದು ಯಾವ ಲೆಕ್ಕದಲ್ಲೂ ತಕ್ಕ ಹೊತ್ತಲ್ಲ. ತಿಂದ ತಿಂಡಿ ಇಳಿದು, ಮಧ್ಯಾಹ್ನದ ಸಾರಿಗೆ ಇನ್ನೂ ಒಗ್ಗರಣೆ ಬೀಳದ ಆ ಹೊತ್ತಿನಲ್ಲಿ ಮನುಷ್ಯ ಸ್ವಲ್ಪ ಒಳ್ಳೆಯವನೇ ಆಗಿರುತ್ತಾನೆ. ಹೆಂಡತಿಯ ತಂದೆಯ ಮೇಲೂ ಪ್ರೀತಿ ಬರುತ್ತದೆ. ಅಂಥ ಹೊತ್ತಿನಲ್ಲೇ ನಾನು ನನ್ನ ಮಾವನವರನ್ನು ಹೆಚ್ಚೂಕಡಿಮೆ ಕೊಂದಿದ್ದೆ. ಆಯುಧವೆಂದರೆ ಅರ್ಧಕ್ಕೆ ಕೊಯ್ಯಿಸಿದ ಒಂದು ನೀಲಿ ಡ್ರಮ್ಮು, ಅದರ ತುಂಬ ಮಣ್ಣು, ಆ ಮಣ್ಣಿನಲ್ಲೊಂದು ಹಾಪ್ಸ್ ಬಳ್ಳಿ.

ಹಾಪ್ಸ್ ಎಂದರೆ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವಿನ ಬಳ್ಳಿ. ನಾನು ಬಿಯರ್ ಕುಡಿಯುವವನಲ್ಲ. ನಾಗಮಂಗಲದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನನಗೆ ಈ ಬಳ್ಳಿಯ ಹುಚ್ಚು ಹಿಡಿದದ್ದು ಮಾವನವರ ದೆಸೆಯಿಂದ. ಅವರು ಪಾಂಡವಪುರದ ಕಡೆ ಕ್ಯಾತನಹಳ್ಳಿಯವರು, ನಾಲೆ ನೀರಲ್ಲಿ ಕಬ್ಬು ಬೆಳೆದವರು. ನಮ್ಮ ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ಹಿತ್ತಲಿಗೆ ಹೋಗಿ, ಒಂದು ಹಿಡಿ ಮಣ್ಣೆತ್ತಿ, ಬೆರಳ ಸಂದಿಯಲ್ಲಿ ಜಾರಲು ಬಿಟ್ಟು, ಉಳಿದ ಕಲ್ಲುಗಳನ್ನು ನನ್ನ ಮುಂದೆ ಹಿಡಿಯುತ್ತಿದ್ದರು. “ಇದು ಮಣ್ಣಲ್ಲ ಕಣ್ರೀ ಅಳಿಯಂದ್ರೇ, ಜಲ್ಲಿ. ಇದ್ರಲ್ಲಿ ಬೆಳೆ ತೆಗಿಯಾಕಾಗಾಕಿಲ್ಲ, ರೋಡ್ ಮಾಡ್ಬೋದು.” ನಾನು ಬದನೆ ಹಾಕಿದರೆ ಅದಕ್ಕೊಂದು ಬುದ್ಧಿಮಾತು, ನುಗ್ಗೆ ಹಾಕಿದರೆ ಇನ್ನೊಂದು. ಅವರು ಹೆಸರೇ ಕೇಳಿರದ ಗಿಡ ಬೆಳೆಸಿದರೆ ಬುದ್ಧಿ ಹೇಳುವುದು ಹೇಗೆ? ಮೊಬೈಲಿನಲ್ಲಿ ಒಬ್ಬ ಗಡ್ಡದ ವಿದೇಶಿ, ನಿಮ್ಮ ಮಣ್ಣು ಕೆಟ್ಟದಾಗಿದ್ದರೂ ಚಿಂತೆಯಿಲ್ಲ, ಡ್ರಮ್ಮಿನಲ್ಲಿ ಹಾಪ್ಸ್ ಬೆಳೆಯಿರಿ ಎನ್ನುತ್ತಿದ್ದ. ಆ ಮಾತು ನನ್ನೊಬ್ಬನಿಗೇ ಹೇಳಿದಂತಿತ್ತು.

ಆನ್‌ಲೈನಿನಲ್ಲಿ ತರಿಸಿದ ಬೇರಿನ ತುಂಡು ಒಣಶುಂಠಿಯ ಹಾಗಿತ್ತು; ಹೆಂಡತಿ ಸವಿತಾ ಅದನ್ನು ಜಜ್ಜಿ ಟೀಗೆ ಹಾಕದೆ ಉಳಿಸಿದ್ದೇ ದೊಡ್ಡದು. ಹಗುರವಾದ, ನೀರು ಬಸಿಯುವ ಮಣ್ಣು ಹಾಕಿ, ಡ್ರಮ್ಮಿನ ತಳಕ್ಕೆ ತೂತು ಮಾಡಿ ಎಂದಿದ್ದ ಗಡ್ಡದವನು. ಆದರೆ ನಮ್ಮ ಕಡೆ ಕೆಟ್ಟ ಮಣ್ಣಿಗೆ ಅಜ್ಜನ ಕಾಲದಿಂದಲೂ ಒಂದೇ ಮದ್ದು, ಕೆರೆಗೋಡು. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಿಂದ ಕಪ್ಪು ಮಣ್ಣು ತೆಗೆದು ಹೊಲಕ್ಕೆ ಹೊಡೆಯುತ್ತಾರೆ. ಒಣಗಿದಾಗ ಅದು ಸಾಧು. ನೆನೆದರೆ ಎಮ್ಮೆಯ ತೂಕ. ಬಿಸಿಲು ಚೆನ್ನಾಗಿ ಬೀಳುವ ಜಾಗವೆಂದರೆ ಮುಂಬಾಗಿಲ ಮೇಲೆ, ಎರಚಲು ತಡೆಯಲು ಚಾಚಿದ ಸಿಮೆಂಟಿನ ಸಜ್ಜ. ಏಣಿ ಹಾಕಿ ಬುಟ್ಟಿಬುಟ್ಟಿಯಾಗಿ ಗೋಡು ಹೊತ್ತು ಅಲ್ಲೇ ಡ್ರಮ್ಮು ತುಂಬಿದೆ. ತೂತು ಮಾಡಿದರೆ ಕೆಸರು ನೀರು ಹೊಸ ಬಣ್ಣದ ಗೋಡೆಗೆ ಇಳಿಯುತ್ತದೆಂದು ತೂತು ಮಾಡಲಿಲ್ಲ. ಹತ್ತಿ ಇಳಿಯುವ ಕಷ್ಟದಲ್ಲಿ ಬುದ್ಧಿವಂತಿಕೆಗೆ ಇದಕ್ಕಿಂತ ಹೆಚ್ಚು ಜಾಗವಿರಲಿಲ್ಲ.

ಬಳ್ಳಿ ಮಾತ್ರ ಮೋಸ ಮಾಡಲಿಲ್ಲ. ಹುರಿ ಹಿಡಿದು ಸುತ್ತಿಕೊಂಡು, ಮುಂದೆಂದಾದರೂ ಮೇಲಂತಸ್ತು ಕಟ್ಟೇನೆಂಬ ಆಸೆಯಲ್ಲಿ ತಾರಸಿಯ ಮೇಲೆ ಬಿಟ್ಟಿದ್ದ ತುಕ್ಕು ಕಂಬಿಗಳವರೆಗೂ ಏರಿತು. ಕೇಳಿದವರಿಗೆಲ್ಲ ಸವಿತಾ ಅಮೃತಬಳ್ಳಿ ಎಂದು ಹೇಳಿ ಮನೆಯ ಮಾನ ಕಾದಳು. ಎದುರು ಮನೆಯವರು ಕಷಾಯಕ್ಕೆ ಎಲೆ ಕೇಳಿದಾಗ, ನಾಳೆ ಕೊಡ್ತೀನಿ ಎಂದು ವಾರಗಟ್ಟಲೆ ಸಾಗಹಾಕಿದಳು.

ಆ ಭಾನುವಾರ ಮಾವನವರು ಬಂದು, ಸಜ್ಜದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಬಳ್ಳಿಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಏನಕ್ಕೆ ಬತ್ತದೆ ಇದು?”

“ಕಹಿ ಬರಿಸೋಕೆ ಮಾವ.”

“ಕಹಿಗೆ ಅಂತ ಇಷ್ಟೆಲ್ಲ ಒದ್ದಾಡಿದ್ರಾ? ಬೇವಿನ್ ಮರ ಇರ್ನಿಲ್ವಾ?”

ನಾನು ಮುಖ ದಪ್ಪ ಮಾಡಿಕೊಂಡು ಗೇಟಿನ ಹತ್ತಿರ ಹೋಗಿ ನಿಂತೆ. ಆ ವಾರವೆಲ್ಲ ಮಳೆ. ಸಾಲದ್ದಕ್ಕೆ ನಾನೂ ದಿನಾ ನೀರು ಹೊಯ್ದಿದ್ದೆ. ಸವಿತಾ ತಂದುಕೊಟ್ಟ ಕಾಫಿಯನ್ನು ಮಾವನವರು ಒಂದು ಗುಟುಕು ಹೀರಿ ಮುಖ ಕಿವುಚಿದರು. ನನಗೆ ಶುಗರ್ ಬಂದಮೇಲೆ ನಮ್ಮ ಮನೆಯಲ್ಲಿ ಎಲ್ಲರ ಲೋಟಕ್ಕೂ ಅರ್ಧ ಚಮಚವೇ. “ಇದೇನವ್ವಾ ಸವಿತಾ, ಕಬ್ಬು ಬೆಳೆಯೋನಿಗೆ ಇಂಗಾ ಕಾಪಿ ಕೊಡಾದು?” ಎನ್ನುತ್ತಾ ಎದ್ದು, ಲೋಟ ಹಿಡಿದು ಒಳಗೆ ಹೋದರು. ಅವರ ಪಂಚೆಯ ಅಂಚು ಹೊಸಿಲು ದಾಟಿತ್ತು. ಚಟ್ ಎಂದು ಒಂದು ಸಣ್ಣ ಸದ್ದು, ಒಣ ಕಡ್ಡಿ ಮುರಿದ ಹಾಗೆ. ಆಮೇಲೆ ಸಜ್ಜದ ಅರ್ಧಭಾಗ ಡ್ರಮ್ಮಿನ ಸಮೇತ ಕೆಳಕ್ಕೆ ಬಂತು. ಧೂಳು ಇಳಿದಾಗ ಕುರ್ಚಿ ಇದ್ದ ಜಾಗದಲ್ಲಿ ಕುರ್ಚಿ ಎನ್ನುವಂಥದ್ದು ಏನೂ ಇರಲಿಲ್ಲ.

ಮಾವನವರು ಸಕ್ಕರೆ ಕಲಕುತ್ತಲೇ ಹೊರಗೆ ಬಂದರು. ನೋಡಿದರು. ಒಂದು ಗುಟುಕು ಕುಡಿದರು. “ಸಕ್ರೆ ತಿಂದ್ರೆ ಆಯುಸ್ಸು ಕಮ್ಮಿ ಅಂತಿದ್ರಲ್ಲ ಅಳಿಯಂದ್ರೇ,” ಎಂದರು. ನಾನು ಗೇಟು ಹಿಡಿದುಕೊಂಡೇ ನೆಲಕ್ಕೆ ಕುಸಿದಿದ್ದೆ. ಸವಿತಾ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ನನಗೇ, ಸಾಯಬೇಕಿದ್ದವರಿಗಲ್ಲ. ಬೆಚ್ಚಿಬಿದ್ದ ಮಕ್ಕಳಿಗೆ ಕಟ್ಟುವ ಕಪ್ಪು ದಾರವನ್ನು ಮಾವನವರೇ ನನ್ನ ತೋಳಿಗೆ ಕಟ್ಟಿದರು. ಹೊರಡುವಾಗ ಅವಶೇಷದಲ್ಲಿ ಕೈಯಾಡಿಸಿ, ಕೊಳೆಯದೆ ಉಳಿದ ಒಂದು ತುಂಡು ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅದೇ ಕುರ್ಚಿ, ಅದೇ ಲೋಟ. ಆದರೆ ಕನಸಿನ ಕಾಫಿಗೆ ಸಕ್ಕರೆ ಸರಿಯಾಗಿರುತ್ತಿತ್ತು, ಮಾವನವರು ಏಳುತ್ತಿರಲಿಲ್ಲ. ಬೆಳಕು ಹರಿಯುತ್ತಲೇ ಫೋನು ಮಾಡುತ್ತಿದ್ದೆ. “ಇದ್ದೀನಿ ಕಣ್ರೀ,” ಎಂದು ಅವರು ಇಟ್ಟುಬಿಡುತ್ತಿದ್ದರು. ತರಗತಿಯಲ್ಲಿ ಡಸ್ಟರ್ ಕೆಳಗೆ ಬಿದ್ದರೆ ನಾನು ಮೇಜಿನಡಿ ಇರುತ್ತಿದ್ದೆ. ಅವರು ಇನ್ನು ನಮ್ಮ ಬಾಗಿಲಿಗೆ ಬರುವುದಿಲ್ಲ, ಬಂದರೂ ಕೂರುವುದಿಲ್ಲ ಎಂದೇ ಲೆಕ್ಕ ಹಾಕಿಬಿಟ್ಟಿದ್ದೆ.

ಮೊನ್ನೆ ಶನಿವಾರ ಬಂದರು. ಕೈಯಲ್ಲೊಂದು ಹಳೆಯ ಬಕೀಟು, ತಳದ ತುಂಬ ತೂತು. ಮರಳು, ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣಿನಲ್ಲಿ ಹಾಪ್ಸ್ ಎರಡು ಎಲೆ ಬಿಟ್ಟಿತ್ತು. “ನೆಲದ್ ಮ್ಯಾಲೆ ಮಡಗಿ,” ಎಂದು ಅದನ್ನು ಬಾಗಿಲ ಪಕ್ಕ ಇಟ್ಟು, ಪಕ್ಕದಲ್ಲೇ, ಹಳೆಯ ಜಾಗದಲ್ಲೇ, ಕುರ್ಚಿ ಕೇಳಿದರು. ಕೂತರು. ಮೇಲೆ ಆಕಾಶ ಬಿಟ್ಟರೆ ಬೀಳುವಂಥದ್ದು ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕೂತಲ್ಲೇ ತೂಕಡಿಸಿದರು. ಅವರ ಹೊಟ್ಟೆ ಏರಿಳಿಯುವುದನ್ನು ನಾನು ಎದುರಿಗೆ ಕೂತು ನೋಡುತ್ತಿದ್ದೆ.

ಆ ರಾತ್ರಿ ಅವರು ನಮ್ಮಲ್ಲೇ ಉಳಿದರು. ನಾನು ಒಂದೇ ಮಗ್ಗುಲಲ್ಲಿ ಬೆಳಗಿನವರೆಗೆ ಮಲಗಿದೆ. ಎದ್ದಾಗ ಮಾವನವರು ಇರಲಿಲ್ಲ. ಮೊದಲ ಬಸ್ಸಿಗೇ ಹೋದರೆಂದು ಸವಿತಾ ಹೇಳಿದಳು. ಪಕ್ಕದ ಕೋಣೆಯಲ್ಲಿ ರಾತ್ರಿಯಿಡೀ ಎದ್ದು ಕೂತಿದ್ದರಂತೆ. ನಾನು ಒಂದೊಂದು ಗೊರಕೆ ಹೊಡೆದಾಗಲೂ ತಾರಸಿಯಿಂದ ಇನ್ನೇನೋ ಉರುಳಿತೆಂದು ಬಾಗಿಲಾಚೆಗೆ ಓಡುತ್ತಿದ್ದರಂತೆ.