ಕಾಲೇಜು ನೋಡಲು ಹೊರಟ ಅತ್ತೆ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ದೇವರನ್ನೂ ಸುಮ್ಮನೆ ನಂಬುವವಳಲ್ಲ! ಮುತ್ತತ್ತಿ ಆಂಜನೇಯನಿಗೆ ಹರಕೆ ಹೊರುವ ಮೊದಲು ಮಳವಳ್ಳಿಯಿಂದ ಬಸ್ಸು ಹತ್ತಿ ಹೋಗಿ, ದೇವಸ್ಥಾನ ಸುತ್ತಿ, ಪೂಜಾರಿಯನ್ನು ನಾಲ್ಕು ಮಾತು ಕೇಳಿ, ‘ಪರವಾಗಿಲ್ಲ’ ಅನ್ನಿಸಿದ ಮೇಲೆಯೇ ಹರಕೆ ಹೊತ್ತವಳು. ಇಂಥವಳ ಕೈಗೆ ನನ್ನ ಎಂಜಿನಿಯರಿಂಗ್ ಸಿಕ್ಕಿಬಿದ್ದರೆ ಏನಾದೀತು, ನೀವೇ ಹೇಳಿ!

ಸಿಇಟಿ ರ‍್ಯಾಂಕ್ ಬಂದಿತ್ತು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ತುಂಬಲು ಒಂದು ವಾರ ಉಳಿದಿತ್ತು. ನನಗೆ ಮೆಕ್ಯಾನಿಕಲ್ಲೇ ಬೇಕು. ಊರು ಮಾತ್ರ ತೀರ್ಮಾನವಾಗಿರಲಿಲ್ಲ. ಮಂಡ್ಯ, ಮಂಗಳೂರು, ಬೆಳಗಾವಿ ಮೂರರಲ್ಲೂ ಸೀಟು ಸಿಗುವ ಹಾಗಿತ್ತು. ನಾವಿರುವುದು ಮದ್ದೂರಿನಲ್ಲಿ. ಅಪ್ಪನಿಗೆ ಮಂಡ್ಯ ಸಾಕು.

“ಬೆಳಿಗ್ಗೆ ಓಗಿ ಸಂಜೆ ಬಂದ್ಬುಡ್ತಾಳೆ ಕಣಕ್ಕ.”

“ಮೇಕೆನೂ ಅಂಗೇ ಓಗಿ ಬತ್ತದೆ ಬುಡ್ಲಾ!” ಎಂದಳು ಅತ್ತೆ. “ಮೂರ್ನೂ ನಾನ್ ನೋಡ್ಕಂಡ್ ಬತ್ತೀನಿ. ಅಲ್ಲೀಗಂಟ ಕಂಪ್ಯೂಟ್ರಲ್ಲಿ ಏನೂ ಒತ್ಬ್ಯಾಡ.”

ಮರುದಿನವೇ ನನ್ನನ್ನು ಎಳೆದುಕೊಂಡು ಮಂಡ್ಯಕ್ಕೆ ಹೊರಟಳು. ಕಾಲೇಜಿನ ಗೇಟಿನಲ್ಲಿದ್ದ ಕಾವಲುಗಾರ ಬಸರಾಳಿನವನು. ಐದು ನಿಮಿಷದಲ್ಲಿ ಅವನು ನಮಗೆ ಬೀಗರ ಕಡೆಯವನಾದ! ಗುಮಾಸ್ತ ಗುತ್ತಲಿನವನು, ಹತ್ತು ನಿಮಿಷದಲ್ಲಿ ಅವನೂ ಅಣ್ಣನಾದ. ಅತ್ತೆಗೆ ಖುಷಿಯಾಯಿತು ಅಂದುಕೊಂಡೆ. ಹೊರಗೆ ಬಂದವಳೇ ತಲೆಯಾಡಿಸಿದಳು. “ಇಲ್ಲಿ ಬ್ಯಾಡ ಕಣವ್ವ. ನೀನು ಕೆಮ್ಮುದ್ರೂ ಮದ್ದೂರ್ಗೆ ಸುದ್ದಿ ಬತ್ತದೆ!”

ಮಂಗಳೂರಿನಲ್ಲಿ ಹಾಸ್ಟೆಲಿನ ಮೇಲ್ವಿಚಾರಕಿ ಬಹಳ ಒಳ್ಳೆಯವರು. “ತಾವು ಕುಳಿತುಕೊಳ್ಳಿ, ನೀರು ಕುಡಿಯುತ್ತೀರಾ?” ಎಂದರು. ಅತ್ತೆ ನನ್ನ ಕಿವಿಯಲ್ಲಿ, “ಇವ್ರು ಮಾತಾಡ್ತಾವ್ರಾ, ಪುಸ್ತಕ ಓದ್ತಾವ್ರಾ?” ಎಂದಳು. ಸಂಜೆ ಆರಕ್ಕೆ ಗೇಟು ಹಾಕುತ್ತೇವೆ ಎಂದು ಆಕೆ ಹೇಳಿದ್ದೇ ತಡ, ಅತ್ತೆ ಎದ್ದು ನಿಂತಳು. “ನಮ್ಮನೆ ಕೋಳಿಯೇ ಆರೂವರೆಗಿಂತ ಮುಂಚೆ ಗೂಡು ಸೇರಕಿಲ್ಲ ಕಣಮ್ಮ!”

ಇನ್ನುಳಿದದ್ದು ಬೆಳಗಾವಿ. ಅಲ್ಲಿನ ಮೆಸ್ಸಿನಲ್ಲಿ ತಟ್ಟೆಗೆ ಒಣಗಿಸಿದ ಗರಿಗರಿ ಜೋಳದ ಕಟಕ್ ರೊಟ್ಟಿ ಬಿತ್ತು. ಅತ್ತೆ ಅದನ್ನು ಮುರಿದು ತಿಂದು, ಬಡಿಸುವವಳನ್ನು ಕೇಳಿದಳು: “ಅಪ್ಳ ಚೆನ್ನಾಗದೆ. ಊಟ ಯಾವಾಗ ತತ್ತೀರಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು! ಆದರೆ ಅಸಲಿ ಪರೀಕ್ಷೆ ನಡೆದದ್ದು ಯಂತ್ರಶಾಲೆಯಲ್ಲಿ. ಲೇತ್ ಯಂತ್ರದ ಮುಂದೆ ನಿಂತಿದ್ದ ಹುಡುಗಿಯನ್ನು ಅತ್ತೆ ಕೇಳಿದಳು, “ಇದ್ನ ಎಣ್ಮಕ್ಳು ಮುಟ್ಬೋದಾ, ಬರೀ ನೋಡ್ಬೇಕಾ?”

ಅವಳು ಸೊಂಟಕ್ಕೆ ಕೈಯಿಟ್ಟಳು. “ಯಾಕ್ರೀ ಅಮ್ಮಾರ, ನಾವೇನ್ ಬರೇ ನೋಡಾಕ ಬಂದೇವೇನ್ರೀ?” ಎನ್ನುತ್ತ ಯಂತ್ರ ತಿರುಗಿಸಿಯೇಬಿಟ್ಟಳು. ಕಬ್ಬಿಣ ಸುರುಳಿ ಸುರುಳಿಯಾಗಿ ಉದುರಿತು. ಅತ್ತೆ ಬಾಯಿಗೆ ಸೆರಗು ಹಿಡಿದು ನಿಂತೇ ಇದ್ದಳು. ಟೀಕೆಯಿಲ್ಲ, ತಗಾದೆಯಿಲ್ಲ!

ಹಿಂದಿರುಗುವಾಗ ರೈಲ್ವೆ ನಿಲ್ದಾಣದ ಬೆಂಚಿನಲ್ಲಿ ಕೂತು ಛೇಡಿಸಿದೆ: “ಅತ್ತೆ, ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು.”

ಅವಳು ನಗಲಿಲ್ಲ.

“ನಂಗೂವೆ ಎಸ್ಸೆಲ್ಸಿ ಆದ್ಮೇಲೆ ಮೈಸೂರಿಂದ ನರ್ಸ್ ಟ್ರೈನಿಂಗ್‌ಗೆ ಕಾಗ್ದ ಬಂದಿತ್ತು ಕಣವ್ವ. ನಮ್ಮಪ್ಪ, ಜಾಗ ಎಂಗದೋ ನೋಡ್ಕಂಡ್ ಬಂದು ಏಳ್ತೀನಿ ಅಂದ. ನಾಳೆ ಓಯ್ತೀನಿ, ನಾಳಿದ್ದು ಓಯ್ತೀನಿ ಅಂತ್ಲೇ ಇದ್ದ. ಬ್ಯಾಡ ಅಂತ ಯಾರೂ ಅನ್ನಿಲ್ಲ. ನೋಡಕ್ಕೂ ಯಾರೂ ಓಗ್ನಿಲ್ಲ.”

ಅಷ್ಟರಲ್ಲಿ ಅಪ್ಪನ ಫೋನು ಬಂತು. “ಬೆಳಗಾವಿ ದೂರ ಅಲ್ವೇನಕ್ಕ?”

“ದೂರವೇ ಕಣ್ಲಾ. ನಾನ್ ಓಗಿ ನೋಡಿವ್ನಿ. ಮೊದ್ಲು ಅದ್ನೇ ಒತ್ತು.”

“ಆಯ್ತು ಕಣಕ್ಕ” ಅಂದ ಅಪ್ಪ.

ಬೆಳಗಾವಿಯೇ ಸಿಕ್ಕಿತು. ಸೇರುವ ದಿನ ಮೂವರೂ ಹೋದೆವು. ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂದಿದ್ದ ಜಾಗ ಬಂದಾಗ ಅಪ್ಪ ಪೆನ್ನಿನ ಮುಚ್ಚಳ ತೆಗೆದವನು, ಏನನ್ನೋ ನೆನೆದು, ಪೆನ್ನನ್ನು ಅಕ್ಕನ ಕೈಗೆ ಕೊಟ್ಟ. ಅತ್ತೆ ಕನ್ನಡಕ ಸರಿಮಾಡಿಕೊಂಡು ತನ್ನ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ, ನಿಧಾನವಾಗಿ ಬರೆದಳು.